ಹಾವಿನ ಪೆಟ್ಟಿಗೆಯಲ್ಲಿ ಎರಡು ಹವೆ

ಅಮೆರಿಕ, ಬ್ರಿಟನ್‌ಗಳಲ್ಲಿ ನಾಯಿ, ಬೆಕ್ಕುಗಳಂತೆ ಹಾವನ್ನೂ ಸಾಕುವವರಿದ್ದಾರೆ. ಅವರ ಮೆಚ್ಚಿನ ಹಾವುಗಳಲ್ಲಿ ಒಂದು ಆಫ್ರಿಕದ ಬಾಲ್ ಪೈಥಾನ್. ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ ಪುಟ್ಟ ಹೆಬ್ಬಾವು. ಬಿಸಿಲ ನಾಡಿನ ಈ ಜೀವಿ ಚಳಿಯ ದೇಶದಲ್ಲಿ ಬದುಕುವುದು ಹೇಗೆ?

ಹಾವು ಶೀತರಕ್ತ ಪ್ರಾಣಿ. ಅಂದರೆ ಅದರ ರಕ್ತ ಸದಾ ತಣ್ಣಗಿರುತ್ತದೆ ಎಂದಲ್ಲ. ಮೈಕಾವನ್ನು ಅದು ಹೊರಗಿನಿಂದಲೇ ಪಡೆಯಬೇಕು. ಕಾವು ಸಾಲದಿದ್ದರೆ ನುಂಗಿದ ಇಲಿ ಜೀರ್ಣವಾಗದು. ಹಾವು ಅದನ್ನು ಕಕ್ಕಿಬಿಡುತ್ತದೆ. ಹಾಗೆಂದು ಇಡೀ ಪೆಟ್ಟಿಗೆಯನ್ನು ಕಾಯಿಸಿದರೆ ಮೈ ತಂಪು ಮಾಡಿಕೊಳ್ಳಲು ಜಾಗವಿಲ್ಲ. ಆದ್ದರಿಂದ ಒಂದು ತುದಿ ಸುಮಾರು 31 ಡಿಗ್ರಿ ಸೆಲ್ಸಿಯಸ್, ಇನ್ನೊಂದು 25 ಡಿಗ್ರಿ ಇರಬೇಕು. ಎರಡೂ ಕಡೆ ಅವಿತುಕೊಳ್ಳಲು ಒಂದೊಂದು ಗೂಡು ಬೇಕು.

ವಿದ್ಯುತ್ತಿನಿಂದ ಕಾಯುವ ಕೃತಕ ಕಲ್ಲು ಅಪಾಯಕಾರಿ. ಸುತ್ತಲ ಗಾಳಿ ತಣ್ಣಗಿದ್ದರೆ ಹಾವು ಅದರ ಮೇಲೆಯೇ ಮಲಗುತ್ತದೆ. ಹೊಟ್ಟೆಯ ಚರ್ಮ ಸುಟ್ಟರೂ ಕದಲದೆ ಇರುವುದುಂಟು. ಬದಲಿಗೆ ಕಾಯುವ ತೆಳು ಹಾಳೆಯನ್ನು ಪೆಟ್ಟಿಗೆಯ ಹೊರಗೆ, ಒಂದು ತುದಿಯ ತಳಕ್ಕೆ ಅಂಟಿಸಿ, ಥರ್ಮೋಸ್ಟಾಟ್ ಜೋಡಿಸುತ್ತಾರೆ. ಬಿಸಿ ಮಿತಿ ಮೀರಿದರೆ ಅದು ವಿದ್ಯುತ್ ಹರಿವನ್ನು ತಡೆಯುತ್ತದೆ.

ಉಷ್ಣಮಾಪಕ ಗೋಡೆಯ ಮೇಲಿದ್ದರೆ ಸಾಲದು. ಹಾವು ಮಲಗುವ ನೆಲದ ಬಿಸಿಯನ್ನೂ ಅಳೆಯಬೇಕು. ಹಾವು ಸದಾ ತಂಪು ಮೂಲೆಯಲ್ಲೇ ಮುದುಡಿದ್ದರೆ, ಇನ್ನೊಂದು ತುದಿ ಕಾದ ಹೆಂಚಾಗಿದೆಯೇ ಎಂದು ಮೊದಲು ನೋಡಬೇಕು.