ಮನೆಯ ವೈನ್ ಕಪಾಟು: ಪ್ರದರ್ಶನ ಬೇರೆ, ಸಂಗ್ರಹಣೆ ಬೇರೆ

ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕೊಲ್ಲಾಪುರ ಹಾಗೂ ಗೋವಾಗಳಲ್ಲಿ ಅನುಕೂಲಸ್ಥರು ಹೊಸ ಮನೆ ಕಟ್ಟಿಸುವಾಗ ದೇವರ ಮನೆಯ ಮಂಟಪ, ಟಿ.ವಿ. ಇಡುವ ಕಪಾಟು, ಊಟದ ಮೇಜುಗಳ ಜೊತೆಗೆ ವೈನ್ ಬಾಟಲಿ ಇಡುವ ಕಪಾಟನ್ನೂ ಕೇಳುವುದುಂಟು. ಇಂತಹ ಕೆಲಸ ಗೋಕಾಕ, ಮೂಡಲಗಿ ಅಥವಾ ಹುಕ್ಕೇರಿಯ ಬಡಿಗರ ಕೈಗೆ ಬಂದಾಗ ಸಾಮಾನ್ಯವಾಗಿ ತಯಾರಾಗುವುದು ಒಂದು ಶೋಕೇಸ್. ಮುಂದೆ ಗಾಜು, ಹಿಂದೆ ಕನ್ನಡಿ, ಮೇಲೆ ದೀಪ, ಒಳಗೆ ಸಾಲಾಗಿ ನಿಂತ ಬಾಟಲಿಗಳು. ನೋಡಲು ಅಂದವಾದ ಈ ರಚನೆಯೇ ವೈನನ್ನು ಕೆಡಿಸುತ್ತದೆ ಎಂಬುದು ಕೊಳ್ಳುವವರಿಗೂ ತಿಳಿದಿರುವುದಿಲ್ಲ, ಮಾಡುವವರಿಗೂ ತಿಳಿದಿರುವುದಿಲ್ಲ. ಈ ವ್ಯತ್ಯಾಸವನ್ನು ಮೊದಲು ಅರಿತುಕೊಂಡ ತಯಾರಕನಿಗೆ ಈ ಚಿಕ್ಕ ಮಾರುಕಟ್ಟೆಯಲ್ಲಿ ಹೆಸರು ಮಾಡುವ ಅವಕಾಶವಿದೆ.

ಈ ವಿಷಯ ಇಲ್ಲಿನ ವರ್ತಕರಿಗೆ ದೂರದ್ದೇನೂ ಅಲ್ಲ. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಸಂಸ್ಥೆ ದ್ರಾಕ್ಷಿ ತೋಟ ಆರಂಭಿಸಿದ ಮೇಲೆ ಕರ್ನಾಟಕದ ಹೆಸರು ವೈನ್ ನಕ್ಷೆಯಲ್ಲಿ ಸೇರಿತು. 2007ರಲ್ಲಿ ರಾಜ್ಯ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ಕರ್ನಾಟಕ ವೈನ್ ಬೋರ್ಡ್ ಅಸ್ತಿತ್ವಕ್ಕೆ ಬಂದಿತು. ನಂದಿ ಕಣಿವೆಯಂತೆಯೇ ಕೃಷ್ಣಾ ಕಣಿವೆಯನ್ನೂ ವೈನ್ ಪ್ರದೇಶವೆಂದು ಗುರುತಿಸಲಾಯಿತು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು ಈ ಕಣಿವೆಗೆ ಸೇರಿದವು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ಗೋಕಾಕದತ್ತ ಹರಿಯುವ ಘಟಪ್ರಭೆಯೂ ಕೊನೆಗೆ ಸೇರುವುದು ಕೃಷ್ಣೆಯನ್ನೇ. ವಿಜಯಪುರ ಹಾಗೂ ಅಥಣಿ ಭಾಗದ ದ್ರಾಕ್ಷಿಯ ಬಹುಪಾಲು ಇಂದಿಗೂ ಒಣದ್ರಾಕ್ಷಿಯಾಗುತ್ತದೆ ಎಂಬುದು ನಿಜ. ಆದರೆ ಒಂದು ಉದ್ಯಮ ಬೆಳೆದಾಗ ಅದರ ಸುತ್ತಲಿನ ಉಪಕಸುಬುಗಳಿಗೂ ಜಾಗ ಸಿಗುತ್ತದೆ. ಕಪಾಟು ಅಂತಹ ಒಂದು ಉಪಕಸುಬು.

ವೈನಿಗೆ ಬೇಕಾದುದೇನು?

ವೈನ್ ಬಾಟಲಿಯೊಳಗೂ ಬದಲಾಗುತ್ತಲೇ ಇರುವ ಪದಾರ್ಥ. ಅದಕ್ಕೆ ಮುಖ್ಯವಾಗಿ ನಾಲ್ಕು ಶತ್ರುಗಳಿವೆ: ಶಾಖ, ಬೆಳಕು, ಗಾಳಿ ಮತ್ತು ಅಲುಗಾಟ. ದೀರ್ಘಕಾಲದ ಸಂಗ್ರಹಣೆಗೆ 12ರಿಂದ 15 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಸೂಕ್ತವೆಂದು ಬಲ್ಲವರ ಅಭಿಪ್ರಾಯ. 25 ಡಿಗ್ರಿ ದಾಟಿದಂತೆಲ್ಲ ವೈನ್ ಬೇಗ ಮುದಿಯಾಗುತ್ತದೆ. ಶಾಖಕ್ಕೆ ಒಳಗಿನ ದ್ರವ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ. ತಣಿದಾಗ ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಬಿರಡೆ ಮೇಲೆದ್ದಿರುವ ಅಥವಾ ಕುತ್ತಿಗೆಯಲ್ಲಿ ಸೋರಿದ ಕಲೆ ಇರುವ ಬಾಟಲಿ ಬಿಸಿಲಿನ ಪೆಟ್ಟು ತಿಂದಿದೆ ಎಂದು ತಿಳಿಯಬಹುದು. ಸ್ಥಿರವಾದ 20 ಡಿಗ್ರಿಗಿಂತ ಹಗಲು 35, ರಾತ್ರಿ 22 ಎಂಬಂತಹ ಏರಿಳಿತ ಹೆಚ್ಚು ಹಾನಿಕರ.

ಬೆಳಕಿನ ಹಾನಿಯೂ ಕಡಿಮೆಯದಲ್ಲ. ಬಿಸಿಲಿನ ಅತಿನೇರಳೆ ಕಿರಣ ಹಾಗೂ ಪ್ರಖರವಾದ ಟ್ಯೂಬ್‌ಲೈಟ್ ಬೆಳಕಿಗೆ ವೈನಿನಲ್ಲಿ ಗಂಧಕದ ದುರ್ವಾಸನೆ ಹುಟ್ಟುತ್ತದೆ. ಬಣ್ಣವಿಲ್ಲದ ಬಾಟಲಿಯ ಬಿಳಿ ವೈನಿಗೆ ಈ ಅಪಾಯ ಹೆಚ್ಚು. ಕಡು ಹಸಿರು ಬಾಟಲಿಗಳನ್ನು ಬಳಸುವುದಕ್ಕೆ ಇದೂ ಒಂದು ಕಾರಣ. ಬಿರಡೆ ಹಾಕಿದ ಬಾಟಲಿಯನ್ನು ತಿಂಗಳುಗಟ್ಟಲೆ ಇಡುವುದಾದರೆ ಮಲಗಿಸಿಡಬೇಕು. ನಿಲ್ಲಿಸಿಟ್ಟರೆ ಬಿರಡೆ ಒಣಗಿ ಗಾಳಿ ಒಳನುಗ್ಗುತ್ತದೆ. ತಿರುಪಿನ ಮುಚ್ಚಳದ ಬಾಟಲಿಗೆ ಈ ನಿಯಮವಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಅಂಶವೆಂದರೆ, ಹಳೆಯದಾದಷ್ಟೂ ವೈನ್ ಉತ್ತಮ ಎಂಬ ಮಾತು ಕೆಲವೇ ವೈನ್‌ಗಳಿಗೆ ಸಲ್ಲುತ್ತದೆ. ಮಾರಾಟವಾಗುವ ವೈನಿನಲ್ಲಿ ಹೆಚ್ಚಿನವು ಎರಡು-ಮೂರು ವರ್ಷಗಳೊಳಗೆ ಕುಡಿಯಲೆಂದೇ ತಯಾರಾದವು.

ಈ ಭಾಗಕ್ಕೆ ಗೊತ್ತಿರುವ ವಿದ್ಯೆ

ಸಂಗ್ರಹಣೆಯ ಈ ತತ್ವ ಇಲ್ಲಿನ ಜನರಿಗೆ ಹೊಸದಲ್ಲ. ಉತ್ತರ ಕರ್ನಾಟಕದ ರೈತರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ವರ್ಷಗಟ್ಟಲೆ ಕಾಪಾಡುತ್ತಿದ್ದರು. ಅಲ್ಲಿ ಬೆಳಕಿಲ್ಲ, ಗಾಳಿಯಾಡುವುದಿಲ್ಲ, ಬೇಸಿಗೆಯ ಬಿಸಿಲೂ ಮುಟ್ಟುವುದಿಲ್ಲ. ದಪ್ಪ ಮಣ್ಣಿನ ಗೋಡೆ ಹಾಗೂ ಮಣ್ಣಿನ ಮಾಳಿಗೆಯ ಹಳೆಯ ಮನೆಗಳಲ್ಲಿ ನಡುಮನೆಯ ಮಾಡದೊಳಗೆ ಇಟ್ಟ ವಸ್ತು ಬೇಸಿಗೆಯಲ್ಲಿಯೂ ತಣ್ಣಗಿರುತ್ತಿತ್ತು. ಇಂದಿನ ಕಾಂಕ್ರೀಟ್ ಮನೆಗಳಲ್ಲಿ ಆ ಅನುಕೂಲವಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನದ ಉಷ್ಣತೆ 35 ಡಿಗ್ರಿ ದಾಟುವ ಈ ಸೀಮೆಯಲ್ಲಿ ಸ್ಲ್ಯಾಬ್ ಹಗಲೆಲ್ಲ ಕಾದು ರಾತ್ರಿಯೆಲ್ಲ ಶಾಖ ಬಿಡುತ್ತದೆ.

ಮೂಡಲಗಿ ಭಾಗದ ಬೆಲ್ಲದ ವ್ಯಾಪಾರಿಯನ್ನು ಕೇಳಿದರೆ ಮಳೆಗಾಲದ ಥಂಡಿ ಗಾಳಿಗೆ ಬೆಲ್ಲದ ಪೆಂಟೆ ಹೇಗೆ ನೀರೊಡೆದು ಕಪ್ಪಾಗುತ್ತದೆ ಎಂದು ವಿವರಿಸುತ್ತಾನೆ. ಗೋಕಾಕದ ಕರದಂಟಿನ ವ್ಯಾಪಾರಿಗೆ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿಗಳು ಸೇರಿದ ಆ ಸಿಹಿ ಬಿಸಿಲಿಗೆ ಬಿದ್ದರೆ ಏನಾಗುತ್ತದೆಂಬುದು ಗೊತ್ತು. ಬುದ್ಧಿವಂತ ವ್ಯಾಪಾರಿ ಗಿರಾಕಿಯ ಕಣ್ಣಿಗೆ ಬೀಳಲು ಗಾಜಿನ ಪೆಟ್ಟಿಗೆಯಲ್ಲಿ ಸ್ವಲ್ಪ ಇಡುತ್ತಾನೆ. ಉಳಿದ ಮಾಲನ್ನು ಒಳಗಿನ ಕೋಣೆಯಲ್ಲಿ ಮುಚ್ಚಿಡುತ್ತಾನೆ. ವೈನ್ ಕಪಾಟಿಗೂ ಇದೇ ಸೂತ್ರ ಅನ್ವಯಿಸುತ್ತದೆ. ತೋರಿಸುವ ಜಾಗ ಒಂದು, ಕಾಪಾಡುವ ಜಾಗ ಇನ್ನೊಂದು.

ತೋರಿಸುವ ಜಾಗದಲ್ಲಿ ಏನಿಡಬೇಕು ಎಂಬ ಪ್ರಶ್ನೆಗೂ ಉತ್ತರ ಗೋಕಾಕದಲ್ಲಿಯೇ ಇದೆ. ಮರ ಹಾಗೂ ಮಣ್ಣಿನಲ್ಲಿ ಹಣ್ಣು-ತರಕಾರಿಗಳ ಮಾದರಿಗಳನ್ನು ನಿಜವೆಂಬಂತೆ ಮಾಡಿ ಬಣ್ಣ ಹಚ್ಚುವ ಕುಶಲಕರ್ಮಿಗಳಿಂದಾಗಿ ಗೋಕಾಕದ ಗೊಂಬೆಗಳು ಹೆಸರಾದವು. ದೀಪದ ಕೆಳಗಿನ ಗಾಜಿನ ಅಂಕಣದಲ್ಲಿ ಈ ಬಣ್ಣದ ದ್ರಾಕ್ಷಿ ಗೊಂಚಲು, ಖಾಲಿ ಬಾಟಲಿ, ಗಾಜಿನ ಲೋಟಗಳನ್ನು ಇಟ್ಟರೆ ಅಂದಕ್ಕೂ ಕೊರತೆಯಿಲ್ಲ, ವೈನಿಗೂ ಹಾನಿಯಿಲ್ಲ. ಬಡಿಗನ ಕಪಾಟಿನ ಜೊತೆಗೆ ಗೊಂಬೆ ತಯಾರಕನ ಕೈಕೆಲಸವೂ ಮಾರಾಟವಾಗುತ್ತದೆ. ಪ್ಲಾಸ್ಟಿಕ್ ಆಟಿಕೆಗಳ ಪೈಪೋಟಿಯಲ್ಲಿ ಸೊರಗಿರುವ ಈ ಕಸುಬಿಗೆ ಮನೆಯ ಅಲಂಕಾರದ ದಾರಿ ತೆರೆಯುವುದು ಅಗತ್ಯವೂ ಹೌದು.

ತಯಾರಕರು ಗಮನಿಸಬೇಕಾದ ಅಂಶಗಳು

ಸಾಮಾನ್ಯವಾದ 750 ಮಿಲಿಲೀಟರ್ ಬಾಟಲಿಯ ಸುತ್ತಳತೆಯ ವ್ಯಾಸ ಸುಮಾರು 7.5 ಸೆಂಟಿಮೀಟರ್, ಎತ್ತರ ಸುಮಾರು 30 ಸೆಂಟಿಮೀಟರ್. ನೊರೆಯುಕ್ಕುವ ವೈನಿನ ಬಾಟಲಿ 9 ಸೆಂಟಿಮೀಟರಿನಷ್ಟು ದಪ್ಪವಿರುತ್ತದೆ. ಆದುದರಿಂದ ಗೂಡಿನ ಒಳ ಅಳತೆ 10 ಸೆಂಟಿಮೀಟರ್ ಚೌಕ ಹಾಗೂ ಆಳ 35 ಸೆಂಟಿಮೀಟರ್ ಇದ್ದರೆ ಎಲ್ಲ ಬಗೆಯ ಬಾಟಲಿಗಳೂ ಹಿಡಿಸುತ್ತವೆ, ಬಾಗಿಲೂ ಮುಚ್ಚುತ್ತದೆ. ತುಂಬಿದ ಬಾಟಲಿಯ ತೂಕ 1.2ರಿಂದ 1.6 ಕಿಲೋಗ್ರಾಂ. ಒಂದು ಡಜನ್ ಎಂದರೆ 14 ಕಿಲೋಗ್ರಾಂಗಿಂತ ಹೆಚ್ಚು ಭಾರ. ತೆಳು ಪ್ಲೈವುಡ್ ಹಲಗೆ ಹಾಗೂ ಸಣ್ಣ ಮೊಳೆಗಳನ್ನು ನಂಬಿ ಗೋಡೆಗೆ ನೇತುಹಾಕುವುದು ಅಪಾಯಕರ. ನೆಲದ ಮೇಲೆ ನಿಲ್ಲುವ ಕಪಾಟೇ ಉತ್ತಮ. ನೆಲದ ಬಳಿ ಶಾಖವೂ ಕಡಿಮೆ.

ಬಾಗಿಲು ಗಾಜಿನದ್ದಾಗಿರದೆ ಮರದ್ದಾಗಿರಬೇಕು. ಪಶ್ಚಿಮದ ಗೋಡೆ, ಅಡುಗೆಮನೆಯ ಒಲೆಯ ಪಕ್ಕ, ಫ್ರಿಜ್ಜಿನ ಹಿಂಬದಿ, ನೀರಿನ ಮೋಟಾರು ಇರುವ ಮೆಟ್ಟಿಲಿನ ಕೆಳಭಾಗ, ಈ ಜಾಗಗಳನ್ನು ಬಿಡಬೇಕು. ಉತ್ತರದ ಕಡೆಯ ಒಳಕೋಣೆ ಯೋಗ್ಯ. ಕಪಾಟಿನ ಹಿಂಬದಿ ಹಾಗೂ ಗೋಡೆಯ ನಡುವೆ ನಾಲ್ಕು ಬೆರಳಿನಷ್ಟು ಅಂತರವಿದ್ದರೆ ಗೋಡೆಯ ಕಾವು ನೇರವಾಗಿ ತಟ್ಟುವುದಿಲ್ಲ.

ಮರಕ್ಕೆ ಬಳಿಯುವ ರಾಸಾಯನಿಕದ ಬಗ್ಗೆಯೂ ಎಚ್ಚರ ಬೇಕು. ಗೆದ್ದಲಿಗಾಗಿ ಬಳಿಯುವ ಕ್ಲೋರೋಫಿನಾಲ್ ಜಾತಿಯ ಔಷಧಗಳು ಬೂಷ್ಟಿನ ಸಂಪರ್ಕದಿಂದ ಟಿ.ಸಿ.ಎ. ಎಂಬ ವಸ್ತುವಾಗಿ ಮಾರ್ಪಡುತ್ತವೆ. ಅದರ ಅತ್ಯಲ್ಪ ಪ್ರಮಾಣವೂ ವೈನಿಗೆ ಒದ್ದೆ ರಟ್ಟಿನ ವಾಸನೆ ತರುತ್ತದೆ. ವಿದೇಶಗಳ ವೈನ್ ಉಗ್ರಾಣಗಳಲ್ಲಿ ಇಂತಹ ಮರದಿಂದಾಗಿಯೇ ಮಾಲು ಕೆಟ್ಟ ಪ್ರಸಂಗಗಳಿವೆ. ಪಾಲಿಶ್ ಹಾಗೂ ಅಂಟಿನ ವಾಸನೆ ಪೂರ್ತಿ ಹೋಗುವವರೆಗೆ ಕಪಾಟನ್ನು ಬಾಗಿಲು ತೆರೆದು ಗಾಳಿಗೆ ಬಿಟ್ಟು, ಬಳಿಕವೇ ಗಿರಾಕಿಗೆ ಒಪ್ಪಿಸಬೇಕು.

ವಿದ್ಯುತ್ತಿನಿಂದ ನಡೆಯುವ ವೈನ್ ಕೂಲರುಗಳು ಮಾರುಕಟ್ಟೆಯಲ್ಲಿರುವಾಗ ಮರದ ಕಪಾಟೇಕೆ ಎಂದು ಕೇಳಬಹುದು. ಈ ಕೂಲರುಗಳಲ್ಲಿ ಎರಡು ಬಗೆ. ಕಂಪ್ರೆಸರ್ ಇರುವುದು ಬೇಸಿಗೆಯಲ್ಲಿಯೂ ಕೆಲಸ ಮಾಡುತ್ತದೆ, ಬೆಲೆ ಹೆಚ್ಚು. ಕಂಪ್ರೆಸರ್ ಇಲ್ಲದ ಅಗ್ಗದ ಬಗೆಯದು ಕೋಣೆಯ ಉಷ್ಣತೆಗಿಂತ ಸುಮಾರು 10ರಿಂದ 15 ಡಿಗ್ರಿಯಷ್ಟು ಮಾತ್ರ ತಣಿಸಬಲ್ಲದು. ಕೋಣೆ 38 ಡಿಗ್ರಿ ಕಾದಿರುವಾಗ ಅದು ಉಪಯೋಗಕ್ಕೆ ಬಾರದು. 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ನಡೆಸಿಕೊಂಡು ಬಂದಿರುವ ಹುಕ್ಕೇರಿಯ ಜನರಿಗೆ ವಿದ್ಯುತ್ತಿನ ಬೆಲೆಯೂ ಗೊತ್ತು, ಅದು ಕೈಕೊಟ್ಟಾಗಿನ ತೊಂದರೆಯೂ ಗೊತ್ತು. ಒಳ್ಳೆಯ ಕಂಪ್ರೆಸರ್ ಕೂಲರನ್ನು ಒಳಗಿರಿಸಿ, ಶಾಖ ಹೊರಹೋಗಲು ದಾರಿ ಬಿಟ್ಟು, ಸುತ್ತ ಮರದ ಚೌಕಟ್ಟು ಮಾಡಿಕೊಡುವುದು ಬಡಿಗನಿಗೆ ಇನ್ನೊಂದು ಕೆಲಸ.

ಸತ್ಯವನ್ನು ಹೇಳಿ ಮಾರಬೇಕು

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಮರದ ಕಪಾಟು ತಾನಾಗಿ ತಂಪು ನೀಡುವುದಿಲ್ಲ. ಅದು ಬೆಳಕನ್ನು ತಡೆಯುತ್ತದೆ, ಉಷ್ಣತೆಯ ಏರಿಳಿತವನ್ನು ನಿಧಾನಗೊಳಿಸುತ್ತದೆ, ಅಷ್ಟೆ. ಕೂಲರ್ ಇಲ್ಲದೆ ಈ ಸೀಮೆಯಲ್ಲಿ ವೈನನ್ನು ಕೆಲವು ತಿಂಗಳು ಇಡಬಹುದೇ ಹೊರತು ವರ್ಷಾನುಗಟ್ಟಲೆ ಅಲ್ಲ. ಬೇಸಿಗೆ ಬರುವ ಮೊದಲೇ ಮುಗಿಸುವಷ್ಟು ಮಾತ್ರ ಕೊಳ್ಳುವುದು ಲೇಸು. ಇದನ್ನು ಮುಚ್ಚಿಟ್ಟು ಕಪಾಟನ್ನೇ ನೆಲಮಾಳಿಗೆ ಎಂಬಂತೆ ಬಣ್ಣಿಸಿ ಮಾರಿದರೆ, ಮೊದಲ ಬೇಸಿಗೆಯಲ್ಲಿಯೇ ಗಿರಾಕಿಯ ಬಾಟಲಿಯ ಜೊತೆಗೆ ತಯಾರಕನ ಹೆಸರೂ ಕೆಡುತ್ತದೆ. ಎಲ್ಲಿ ಇಡಬೇಕು, ಎಷ್ಟು ದಿನ ಇಡಬಹುದು ಎಂಬುದನ್ನು ಕನ್ನಡ, ಮರಾಠಿ ಹಾಗೂ ಇಂಗ್ಲಿಷಿನಲ್ಲಿ ಮುದ್ರಿಸಿದ ಒಂದು ಹಾಳೆಯನ್ನು ಪ್ರತಿ ಕಪಾಟಿನ ಜೊತೆ ಕೊಡುವುದಕ್ಕೆ ತಗಲುವ ಖರ್ಚು ಅತ್ಯಲ್ಪ.

ಕಾನೂನನ್ನೂ ಮರೆಯುವಂತಿಲ್ಲ. ಮರದ ಕಪಾಟು ಮಾಡಲು ಅಬಕಾರಿ ಪರವಾನಗಿ ಬೇಕಿಲ್ಲ. ಆದರೆ ಒಬ್ಬ ವ್ಯಕ್ತಿ ಎಷ್ಟು ಮದ್ಯವನ್ನು ತನ್ನ ವಶದಲ್ಲಿ ಇಟ್ಟುಕೊಳ್ಳಬಹುದು ಎಂಬುದಕ್ಕೆ ರಾಜ್ಯದಲ್ಲಿ ಮಿತಿಯಿದೆ. ಕರ್ನಾಟಕ ಅಬಕಾರಿ ಕಾಯ್ದೆ, 1965 ಹಾಗೂ ಅದರ ನಿಯಮಗಳು ವೈನಿಗೂ ಅನ್ವಯಿಸುತ್ತವೆ. ಗೋವಾದಲ್ಲಿ ಅಗ್ಗವೆಂದು ಅನುಮತಿಯಿಲ್ಲದೆ ತಂದು ಪೇರಿಸುವುದು ಅಪರಾಧ. ಆದುದರಿಂದ ನೂರು ಬಾಟಲಿಯ ಕಪಾಟಿನ ನಕ್ಷೆ ತೋರಿಸಿ ಗಿರಾಕಿಯನ್ನು ತೊಂದರೆಗೆ ಸಿಲುಕಿಸುವ ಬದಲು ಎಂಟು-ಹತ್ತು ಬಾಟಲಿಗಳ ಚಿಕ್ಕ ಕಪಾಟನ್ನೇ ಮಾದರಿಯಾಗಿ ಇಟ್ಟುಕೊಳ್ಳುವುದು ವಿವೇಕ. ಮಿತಿ ಎಷ್ಟೆಂಬುದನ್ನು ಅಬಕಾರಿ ಕಚೇರಿಯಲ್ಲಿ ಆಯಾ ವರ್ಷ ವಿಚಾರಿಸಿಕೊಳ್ಳುವಂತೆ ಗಿರಾಕಿಗೆ ತಿಳಿಸಬೇಕು.

ಮದ್ಯದ ಗೋಜೇ ಬೇಡ ಎನ್ನುವ ವರ್ತಕ ಕುಟುಂಬಗಳು ಈ ಮೂರು ಊರುಗಳಲ್ಲಿ ಬಹಳ. ಅವರ ಅಭಿಪ್ರಾಯ ಗೌರವಾರ್ಹ. ವೈನೂ ಮದ್ಯವೇ, ಅದರಿಂದ ಆರೋಗ್ಯ ಕೆಡುವುದಿಲ್ಲವೆಂದು ಯಾರೂ ಹೇಳಲಾರರು. ಆದರೆ ಬಾಟಲಿ ಕೊಂಡು ತಂದ ಮನೆಯಲ್ಲಿ ಅದು ಪಡಸಾಲೆಯ ದೀಪದ ಕೆಳಗೆ ಮಕ್ಕಳ ಕಣ್ಣೆದುರು ನಿಲ್ಲುವುದಕ್ಕಿಂತ ಬೀಗವಿರುವ ಮರದ ಬಾಗಿಲಿನ ಹಿಂದೆ ಇರುವುದು ಎಲ್ಲ ದೃಷ್ಟಿಯಿಂದಲೂ ಮೇಲು. ಈ ವಿಷಯದಲ್ಲಿ ವೈನಿನ ಹಿತ ಹಾಗೂ ಮನೆಯ ಹಿತ ಒಂದೇ ಆಗಿದೆ. ಈ ಕೆಲಸವೇ ಬೇಡವೆನ್ನುವ ಬಡಿಗ ಇದೇ ತತ್ವದ ಮೇಲೆ ಉಪ್ಪಿನಕಾಯಿ, ಜೇನುತುಪ್ಪ, ಗಾಣದ ಎಣ್ಣೆಗಳಿಗೆ ತಂಪಿನ ಕಪಾಟು ಮಾಡಬಹುದು. ಎಣ್ಣೆಯೂ ಬೆಳಕು ಹಾಗೂ ಶಾಖಕ್ಕೆ ಕಮಟಾಗುತ್ತದೆ.

ಬೇಡಿಕೆ ಇಂದು ಚಿಕ್ಕದು ಎಂಬುದರಲ್ಲಿ ಎರಡು ಮಾತಿಲ್ಲ. ಯಾರೂ ಇದಕ್ಕಾಗಿ ಸಾಲ ಮಾಡಿ ಕಾರ್ಖಾನೆ ತೆರೆಯಬೇಕಾಗಿಲ್ಲ. ಈಗಿರುವ ಬಡಿಗತನದ ಅಂಗಡಿಯಲ್ಲಿಯೇ ಒಂದು ಮಾದರಿ ಕಪಾಟು ತಯಾರಿಸಿ, ಅದರೊಳಗೆ ಒಂದು ಉಷ್ಣಮಾಪಕ, ಹೊರಗೆ ಇನ್ನೊಂದು ಇಟ್ಟು, ಮಾರ್ಚಿಯಿಂದ ಮೇವರೆಗೆ ದಿನಕ್ಕೆ ಎರಡು ಬಾರಿ ಅಂಕಿಗಳನ್ನು ಬರೆದಿಡಬೇಕು. ಗಿರಾಕಿಗೆ ತೋರಿಸಲು ಇದಕ್ಕಿಂತ ಉತ್ತಮ ಸಾಕ್ಷಿ ಬೇರೆ ಬೇಕಿಲ್ಲ. ವಾಣಿಜ್ಯ ಸಂಸ್ಥೆಗಳು ಕರ್ನಾಟಕ ವೈನ್ ಬೋರ್ಡಿನ ತಜ್ಞರನ್ನು ಆಹ್ವಾನಿಸಿ ಬಡಿಗರಿಗೂ ಗೊಂಬೆ ತಯಾರಕರಿಗೂ ಒಂದು ದಿನದ ತರಬೇತಿ ಏರ್ಪಡಿಸಿದರೆ, ಮುಂದಿನ ಬೇಸಿಗೆಯ ಹೊತ್ತಿಗೆ ಮೊದಲ ಮಾದರಿ ಸಿದ್ಧವಾಗಬಹುದು.