ಫ್ಯೂಸ್ ಜೇಬಿನಲ್ಲಿರಲಿ

ಕಳೆದ ತಿಂಗಳು ತರಗತಿಯಲ್ಲಿ ‘ಆಟೋಮೇಷನ್’ ಎಂಬ ಪದ ಬಂತು. ಕನ್ನಡದಲ್ಲಿ ಏನೆನ್ನುತ್ತೀರಿ ಎಂದು ಮೇಡಂ ಕೇಳಿದರು. ಒಬ್ಬರು ‘ಸ್ವಯಂಚಾಲಿತ ವ್ಯವಸ್ಥೆ’ ಎಂದರು, ಇನ್ನೊಬ್ಬರು ‘ಯಾಂತ್ರೀಕರಣ’ ಎಂದರು, ಹಿಂದಿನ ಬೆಂಚಿನಿಂದ ‘ತಾನಾಗೇ ಆಗೋದು’ ಎಂಬ ಉತ್ತರ ಬಂತು. ಎಲ್ಲವೂ ಒಂದೇ ಎಂದು ನಾನು ಬರೆದುಕೊಂಡೆ. ಈಗ ಹಾಗೆ ಅನಿಸುತ್ತಿಲ್ಲ.

ಕೈಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದು ಯಾಂತ್ರೀಕರಣ. ಅದನ್ನು ನಡೆಸಲು ಮನುಷ್ಯ ಪಕ್ಕದಲ್ಲೇ ಇರಬಹುದು. ಮೊದಲೇ ಹೇಳಿಟ್ಟ ಕೆಲಸವನ್ನು ಹೊತ್ತು ಬಂದಾಗ ತಾನೇ ಮಾಡುವುದು ಸ್ವಯಂಚಾಲಿತ. ಏನು ಮಾಡಬೇಕೆಂದು ತಾನೇ ತೀರ್ಮಾನಿಸುವುದು ಸ್ವಾಯತ್ತ. ನಮ್ಮ ಮನೆಮಾತು ಉರ್ದುವಿನಲ್ಲೂ ಈ ವ್ಯತ್ಯಾಸವಿದೆ. ಸ್ವಯಂಚಾಲಿತಕ್ಕೆ ‘ಖುದ್‌ಕಾರ್’, ಸ್ವಾಯತ್ತಕ್ಕೆ ‘ಖುದ್‌ಮುಖ್ತಾರ್’. ಈ ಮುಖ್ತಾರ್ ನಮಗೆ ಹೊಸಬನಲ್ಲ. ನಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಬರೆದುಕೊಡುವ ‘ಮುಖ್ತಿಯಾರುನಾಮೆ’ಯಲ್ಲಿ ಇರುವವನೂ ಅವನೇ.

ನಮ್ಮ ಸುತ್ತಲಿನ ಹೆಚ್ಚಿನ ಯಂತ್ರಗಳು ಬರೀ ಖುದ್‌ಕಾರ್. ನಾವು ಮಾತ್ರ ಅವು ಖುದ್‌ಮುಖ್ತಾರ್ ಎಂಬಂತೆ ತಲೆಬಾಗುತ್ತೇವೆ. ನನ್ನ ತಕರಾರು ಇಷ್ಟೇ.

ಮಾರನಹಳ್ಳಿಯ ಕಾಫಿ ತೋಟವೊಂದರಲ್ಲಿ ನಮ್ಮ ಅಬ್ಬಾ ಪಂಪ್‌ಸೆಟ್ ನೋಡಿಕೊಳ್ಳುತ್ತಾರೆ. ಅಲ್ಲಿ ಆಟೋ ಸ್ಟಾರ್ಟರ್ ಇದೆ. ನಡುರಾತ್ರಿ ತ್ರೀ ಫೇಸ್ ಕರೆಂಟ್ ಬಂದರೂ ಮೋಟರ್ ತಾನೇ ಶುರುವಾಗುತ್ತದೆ. ಆನೆ ಓಡಾಡುವ ದಾರಿಯಲ್ಲಿ ಟಾರ್ಚ್ ಹಿಡಿದು ಹೋಗುವುದು ತಪ್ಪಿದೆ. ಆದ್ದರಿಂದ ನಾನು ಇಂಥ ಯಂತ್ರಗಳ ವಿರೋಧಿಯಲ್ಲ. ಆದರೆ ರಿಪೇರಿಗೆ ಇಳಿಯುವ ಮೊದಲು ಅಬ್ಬಾ ಮೇನ್ ಆಫ್ ಮಾಡಿ, ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. “ಅದಕ್ಕೆ ಕರೆಂಟ್ ಗೊತ್ತು, ನನ್ನ ಕೈ ಗೊತ್ತಿಲ್ಲ” ಅನ್ನುತ್ತಾರೆ.

ಇದೇ ಅಬ್ಬಾ ಬ್ಯಾಂಕಿನಲ್ಲಿ ಸೋತರು. ಅಮ್ಮಿಯ ಔಷಧಿಗೆಂದು ಇಟ್ಟ ಹಣದಲ್ಲಿ ಒಂದು ವಿಮೆಯ ಕಂತು ಹೋಗಿತ್ತು. ಕೇಳಿದರೆ, “ಆಟೋಮ್ಯಾಟಿಕ್ ಕಟ್ ಆಗಿದೆ, ನಾವೇನೂ ಮಾಡಿಲ್ಲ” ಎಂಬ ಉತ್ತರ. ಅಬ್ಬಾ ಸುಮ್ಮನೆ ಎದ್ದು ಬಂದರು. ಮರುದಿನ ನಾನೂ ಜೊತೆಗೆ ಹೋಗಿ ಅರ್ಜಿ ತೆಗೆಸಿದೆ. ಇಂಗ್ಲಿಷ್ ಅರ್ಜಿಯ ಮೂಲೆಯಲ್ಲಿ ಒಂದು ಟಿಕ್, ಕೆಳಗೆ ಅಬ್ಬಾನ ಸಹಿ. ಟಿಕ್ ಹಾಕಿದವರು ಯಾರೋ ಅಬ್ಬಾಗೆ ನೆನಪಿಲ್ಲ. ಓದದೆ ಸಹಿ ಮಾಡಿದ್ದು ನಮ್ಮ ತಪ್ಪು, ಒಪ್ಪುತ್ತೇನೆ. ಆದರೆ ಹಣ ತಾನಾಗಿ ಹೋಗಲಿಲ್ಲ. ಒಂದು ಕೈ ಟಿಕ್ ಹಾಕಿತ್ತು, ಒಂದು ಕೈ ಸಹಿ ಮಾಡಿತ್ತು.

‘ಕಡಿತವಾಗಿದೆ’, ‘ತಿರಸ್ಕೃತವಾಗಿದೆ’ ಎಂಬ ವಾಕ್ಯಗಳಲ್ಲಿ ಮಾಡಿದವನೇ ಇರುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿ ಹಾಕುವ ನಾವೆಲ್ಲ ‘ಸಿಸ್ಟಮ್ ತಗೊಳ್ತಿಲ್ಲ’ ಎಂದು ಕೇಳಿ ವಾಪಸ್ ಬಂದವರೇ. ಕಾನೂನು ಹೀಗೆ ನುಣುಚಿಕೊಳ್ಳಲು ಬಿಡುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ, ಕೊಟ್ಟ ಅಧಿಕಾರದೊಳಗೆ ಏಜೆಂಟ್ ಮಾಡಿದ ಕೆಲಸಕ್ಕೆ ನೇಮಿಸಿದವನೇ ಹೊಣೆ. ಕಾರ್ಡ್, ಯುಪಿಐ ಮೂಲಕ ಮತ್ತೆ ಮತ್ತೆ ಕಡಿತವಾಗುವ ಹಣಕ್ಕೆ ಸಾಮಾನ್ಯವಾಗಿ 24 ಗಂಟೆ ಮೊದಲೇ ಗ್ರಾಹಕರಿಗೆ ತಿಳಿಸಬೇಕು, ಬೇಡವೆನ್ನಲು ದಾರಿ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಬಿಗಿಯಾಗಿ ಜಾರಿಯಲ್ಲಿದೆ.

1206ರಲ್ಲಿ ಗ್ರಂಥ ಮುಗಿಸಿದ ಅಲ್-ಜಝರಿ ಎಂಬ ಎಂಜಿನಿಯರ್ ಆನೆ ಆಕಾರದ ಗಡಿಯಾರವೊಂದನ್ನು ಅದರಲ್ಲಿ ವಿವರಿಸಿದ್ದಾನೆ. ಒಳಗಿನ ನೀರಿನಲ್ಲಿ ತೂತಿನ ಬಟ್ಟಲು ಮುಳುಗಿದಾಗ ಮೇಲಿನಿಂದ ಚೆಂಡು ಬೀಳುತ್ತದೆ, ಗೊಂಬೆಗಳು ಆಡುತ್ತವೆ. ಚೆಂಡು ಮುಗಿದರೆ ಎಲ್ಲ ನಿಂತಂತೆ. ತುಂಬಲು ಒಬ್ಬ ಬೇಕೇ ಬೇಕು.

ಗೆಳೆಯರೇ, ‘ಆಟೋಮ್ಯಾಟಿಕ್’ ಎಂದು ಯಾರಾದರೂ ಹೇಳಿದರೆ ಮೂರು ಪ್ರಶ್ನೆ ಕೇಳೋಣ: ಇದನ್ನು ಹೀಗೆ ಹೊಂದಿಸಿದವರು ಯಾರು? ಅಧಿಕಾರ ಕೊಟ್ಟವರು ಯಾರು? ನಿಲ್ಲಿಸುವುದು ಹೇಗೆ? ಮನೆಯ ಹಿರಿಯರು ಸಹಿ ಮಾಡುವ ಮೊದಲು ಅರ್ಜಿಯನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳೋಣ. ಕಾಮರ್ಸ್ ಓದುವ ನಾವು ಇಷ್ಟಾದರೂ ಮಾಡದಿದ್ದರೆ ಹೇಗೆ?

ಅಬ್ಬಾ ವಿಮೆ ನಿಲ್ಲಿಸಲು ಬರೆದುಕೊಟ್ಟಿದ್ದಾರೆ. ಅದರ ನಕಲು ಈಗ ಅವರ ಅಂಗಿಯ ಜೇಬಿನಲ್ಲಿದೆ, ಫ್ಯೂಸ್ ಇಡುವ ಅದೇ ಜೇಬಿನಲ್ಲಿ.