ಕೋಡ್ ಇದ್ಯಲ್ಲ, ಓದ್ಕೊಳ್ಳಿ ಅನ್ನೋರಿಗೆ

ಶಹಾಪುರ ಕಡೆಯ ಹುಡುಗನೊಬ್ಬ, ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಬಂದು ಇನ್ನೂ ಎರಡು ತಿಂಗಳು, ಮೊನ್ನೆ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. "ಅಣ್ಣಾ, ನಮ್ಮ ಸಿ ಫಂಕ್ಷನ್ನಿಗಿ ಲುವಾದಿಂದ ಕರದ್ರ ನಿಲ್ ಬರ್ಲಕತ್ತದ. ಸರ್‌ಗ ಕೇಳಿದ್ರ ಕೋಡ್ ಇದ್ಯಲ್ಲ, ಓದ್ಕೋ ಅಂದ್ರು. ನಾಕ್ ಸಲ ಓದೀನಿ. ಎಲ್ಲಾ ಸರಿನೇ ಅದ."

ಎಲ್ಲಾ ಸರಿನೇ ಇತ್ತು, ಕೊನೆಯ ಸಾಲು ಬಿಟ್ಟು. ಅಲ್ಲಿ ರಿಟರ್ನ್ 1 ಇರಬೇಕಾದ ಕಡೆ ರಿಟರ್ನ್ 0 ಬರೆದಿದ್ದ. ಸಿ ಕಲಿತವನಿಗೆ ರಿಟರ್ನ್ 0 ಅಂದ್ರೆ ಎಲ್ಲ ಸುಸೂತ್ರ ಅಂತ. ಲುವಾಗೆ ಹಾಗಲ್ಲ. ಎಷ್ಟು ಉತ್ತರಗಳನ್ನು ಸ್ಟ್ಯಾಕ್ ಮೇಲೆ ಇಟ್ಟಿದೀನಿ ಅನ್ನೋ ಲೆಕ್ಕ ಅದು. ಸೊನ್ನೆ ಅಂದ್ರೆ ಏನೂ ಕೊಟ್ಟಿಲ್ಲ. ಈ ಒಂದು ವಾಕ್ಯ ಅವರ ಆಫೀಸಿನಲ್ಲಿ ಯಾರೂ ಬರೆದಿಟ್ಟಿಲ್ಲ. ಹುಡುಗ ಎರಡು ದಿನ ಕಳೆದ, ಮೇಲೆ ತಾನೇ ದಡ್ಡ ಅಂದುಕೊಂಡ. ನನಗೆ ಸಿಟ್ಟು ಬಂದದ್ದು ಈ ಎರಡನೆಯದಕ್ಕೆ.

ಕೋಡ್ ಏನು ಮಾಡುತ್ತೆ ಅಂತ ಕೋಡ್ ಹೇಳುತ್ತೆ, ಒಪ್ಪಿದೆ. ಕರೆಯುವವನು ಏನು ತಿಳಿದಿರಬೇಕು ಅಂತ ಹೇಳಲ್ಲ. ಆರ್ಗ್ಯುಮೆಂಟ್ ಪರೀಕ್ಷಿಸುವ ಲುವಾದ ಫಂಕ್ಷನ್ನು ತಪ್ಪು ಕಂಡರೆ ವಾಪಸ್ ಬರೋದೇ ಇಲ್ಲ, ಲಾಂಗ್‌ಜಂಪ್ ಮಾಡಿ ಹೊರಗೆ ಹಾರುತ್ತೆ. ಅದಕ್ಕೂ ಮೊದಲು ನೀವು ಮ್ಯಾಲಕ್ ಮಾಡಿದ್ದ ಮೆಮೊರಿ ಅಲ್ಲೇ ಅನಾಥ. ಸ್ಟ್ಯಾಕಿನಿಂದ ಸ್ಟ್ರಿಂಗ್ ತೆಗೆದು ಹಾಕಿದ ಮೇಲೆ ಅದರ ಪಾಯಿಂಟರ್ ಇಟ್ಟುಕೊಂಡರೆ ಇವತ್ತು ನಡೆಯುತ್ತೆ, ನಾಳೆ ಕಸ ಓದುತ್ತೆ. ಇದನ್ನೆಲ್ಲ ಕೋಡ್ ದಿಟ್ಟಿಸಿ ನೋಡಿ ಕಂಡುಕೊಳ್ಳಬೇಕಾ?

ನನ್ನ ಮೊದಲ ಕಂಪನಿಯಲ್ಲಿ ತೂಕದ ಯಂತ್ರಕ್ಕೆ ಸಾಫ್ಟ್‌ವೇರ್ ಮಾಡ್ತಿದ್ವಿ. ತೂಕ ಅಳೆಯೋದು ಸಿ, ಚೀಟಿ ಹೆಂಗಿರಬೇಕು ಅನ್ನೋದು ಲುವಾ. ಖಾಲಿ ಚೀಲದ ತೂಕ ಕಳೆಯೋಕೆ ಒಂದು ಫಂಕ್ಷನ್ ಇತ್ತು. ಬರೆದವನು ಕೆಲಸ ಬಿಟ್ಟು ಹೋಗಿದ್ದ. ಸ್ಕ್ರಿಪ್ಟ್ ಬರೆದ ನಾನು ಗೋಣಿಚೀಲಕ್ಕೆ 1 ಅಂತ ಕೊಟ್ಟೆ, ಕಿಲೋ ಅಂದುಕೊಂಡು. ಒಳಗೆ ಅದು ಗ್ರಾಂ ಆಗಿತ್ತು. ಚೀಲದ ತೂಕವೆಲ್ಲ ತೊಗರಿಯ ಲೆಕ್ಕಕ್ಕೆ ಸೇರಿತು. ನಷ್ಟ ಆಗಿದ್ದು ಕೊಳ್ಳುವ ವ್ಯಾಪಾರಿಗೆ, ಅದಕ್ಕೇ ಎರಡೇ ದಿನದಲ್ಲಿ ಫೋನ್ ಬಂತು. ಉಲ್ಟಾ ಆಗಿದ್ರೆ, ನಮ್ಮಪ್ಪನಂಥವರು ಚೀಟಿ ಮಡಚಿ ಜೇಬಿಗಿಟ್ಟು ಊರ ಬಸ್ಸು ಹತ್ತುತಿದ್ರು, ಅಷ್ಟೆ. ‘ಈ ಸಂಖ್ಯೆ ಗ್ರಾಂನಲ್ಲಿ’ ಅಂತ ಮೂರು ಪದ ಬರೆಯೋಕೆ ಆಗದವರನ್ನ ನಾವು ಸೀನಿಯರ್ ಅಂತೀವಿ.

ಅದೇ ಚೀಟಿಯಲ್ಲಿ ಊರ ಹೆಸರು ಕನ್ನಡದಲ್ಲಿ ಬರಬೇಕಿತ್ತು. ‘ಸುರಪುರ’ ಅಂದ್ರೆ ಓದುವವರಿಗೆ ನಾಲ್ಕಕ್ಷರ. ಲುವಾದಲ್ಲಿ ಉದ್ದ ಕೇಳಿದರೆ 18 ಅನ್ನುತ್ತೆ, ಯಾಕಂದ್ರೆ ಅದು ಎಣಿಸೋದು ಬೈಟು, ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. 5.3ರಲ್ಲಿ ಬಂದ ಯುಟಿಎಫ್-8 ಲೈಬ್ರರಿಗೆ ಕೇಳಿದರೆ 6, ಕೊಂಬುಗಳನ್ನ ಬೇರೆ ಎಣಿಸುತ್ತೆ. ನಮ್ಮ ಸಿ ಫಂಕ್ಷನ್ 16ಕ್ಕೆ ಕತ್ತರಿಸುತ್ತಿತ್ತು, ಕೊನೆಯ ‘ರ’ ಪುಡಿ. ಉದ್ದ ಅಂದ್ರೆ ಯಾವ ಉದ್ದ ಅಂತ ಇಂಗ್ಲಿಷಿನವನಿಗೆ ಬರೆಯುವ ಅಗತ್ಯ ಕಾಣಲ್ಲ. ನಾವು ಬರೆಯದಿದ್ರೆ ಮತ್ಯಾರು ಬರೀಬೇಕು?

ಕನ್ನಡದಲ್ಲಿ ಇದನ್ನೆಲ್ಲ ಯಾರು ಓದ್ತಾರೆ ಅಂತ ಒಬ್ಬರು ಕೇಳಿದ್ರು. ಕನ್ನಡ ವಿಕಿಪೀಡಿಯದ ಮಾಡ್ಯೂಲುಗಳು ಲುವಾದಲ್ಲೇ ಇರೋದು ಸ್ವಾಮಿ, ತಿದ್ದೋರು ಕನ್ನಡದವರೇ. ಲುವಾ ಹುಟ್ಟಿದ್ದೂ ಅಮೆರಿಕದಲ್ಲಲ್ಲ, 1993ರಲ್ಲಿ ಬ್ರೆಜಿಲ್‌ನ ರಿಯೋದ ಒಂದು ವಿಶ್ವವಿದ್ಯಾಲಯದಲ್ಲಿ. ಹೆಸರು ಪೋರ್ಚುಗೀಸಿನದು, ಚಂದ್ರ ಅಂತ ಅರ್ಥ. ಅವರು ಕೈಪಿಡಿಯನ್ನ ಜಗತ್ತಿಗೆ ಇಂಗ್ಲಿಷಲ್ಲಿ ಕೊಟ್ಟರು, ಮನೆಯವರಿಗೆ ಪೋರ್ಚುಗೀಸಿನಲ್ಲೂ ಸಿಗುತ್ತೆ.

ಇನ್ನೊಂದು ಗುಂಪಿದೆ. ಬರೆಯಿರಿ, ಆದರೆ ಸ್ಟ್ಯಾಕಿಗೆ ಅಚ್ಚಗನ್ನಡ ಪದ ಹುಡುಕಿ ಅನ್ನೋರು. ಹುಡುಕುವಷ್ಟರಲ್ಲಿ ಹುಡುಗ ಊರಿಗೆ ವಾಪಸ್ ಹೋಗಿರ್ತಾನೆ. ಸ್ಟ್ಯಾಕ್ ಸ್ಟ್ಯಾಕೇ ಇರಲಿ. ಅವ್ವ ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಕಟಕ ರೊಟ್ಟಿ ನೋಡಿದವನಿಗೆ ಅದನ್ನ ಬಿಡಿಸಿ ಹೇಳೋದು ಕಷ್ಟ ಅಲ್ಲ. ಕೆಳಗಿನಿಂದ ಎಣಿಸಿದರೆ 1, 2, 3. ಮೇಲಿನಿಂದ ಎಣಿಸಿದರೆ ಮೈನಸ್ 1, ಮೈನಸ್ 2.

ಹೀಗೇ ನಾಲ್ಕು ಪುಟ ಬರೆದು ಆ ಹುಡುಗನಿಗೆ ಕಳಿಸಿದೀನಿ. ಎರಡು ಆರ್ಗ್ಯುಮೆಂಟ್ ಇರುವ ಉದಾಹರಣೆಯಲ್ಲಿ ಮೊದಲನೆಯದು ಮೈನಸ್ 1 ಅಂತ ಬರೆದುಬಿಟ್ಟಿದ್ದೆ. "ಮೈನಸ್ 2 ಅಲ್ಲೇನಣ್ಣಾ?" ಅಂತ ನಿನ್ನೆ ಮೆಸೇಜು ಬಂದಿದೆ. ಹೌದು, ತಿದ್ದಿದೀನಿ.